ಅಡುಗೆಮನೆ ಜಂಕ್ಷನ್

ಫೆವಿಕಾಲ್ ವಾಸನೆ ಇನ್ನೂ ಹೋಗಿಲ್ಲ, ಮನುಷ್ಯ ಹೋಗಿ ತಿಂಗಳಾಯಿತು, ವಾಸನೆ ಮಾತ್ರ ಈ ರೂಮಿನಲ್ಲೇ ಕೂತಿದೆ — ಈಗ ಅಂದುಕೊಳ್ಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ನನ್ನಾಣೆಗೂ, ಬೇರೆಯವರ ಮೇಲೆ ಆಣೆ ಇಟ್ಟು ಏನೇನೋ ಹೇಳಿದ್ದೇನೆ, ನನ್ನ ಮೇಲೇ ಇಟ್ಟುಕೊಳ್ಳುತ್ತಿರುವುದು ಇದೇ ಮೊದಲು, ಕೇಳುವವರಿಲ್ಲದ ಕಡೆ ಸುಳ್ಳು ಹೇಳಿದರೆ ಸುಳ್ಳಿಗೇ ಅವಮಾನ. ಆಟದ ರೈಲಿನ ಹಲಗೆಯ ಈ ತುದಿ ಕೆಂಗೇರಿ, ಆಮೇಲೆ ಹೆಜ್ಜಾಲ, ಆಮೇಲೆ ಬಿಡದಿ, ಎಲ್ಲ ಚನ್ನವೀರೇಶ ಕಟ್ಟಿದ್ದು, ಸುಂಕದಕಟ್ಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದವನು ಮಲ್ಲತ್ತಹಳ್ಳಿಯ ಈ ಮನೆಯಲ್ಲಿ ಭಾನುವಾರ ಭಾನುವಾರ ಸ್ಟೇಷನ್ ಮಾಸ್ಟರು, ನಮ್ಮ ಪುಟ್ಟ ರೈಲು ಕ್ಲಬ್ಬಿಗೆ ಅವನು ಅಧ್ಯಕ್ಷ, ನಾನು ಕಾರ್ಯದರ್ಶಿ, ಮಿಕ್ಕಿಬ್ಬರು ಪ್ರಯಾಣಿಕರು. ಒಂದು ಸಲ ಹೆಜ್ಜಾಲದ ಹತ್ತಿರ ಹಲ್ಲಿಯೊಂದು ಹಳಿ ಮೇಲೆ ಮಲಗಿ ಮೈಸೂರು ಕಡೆಯ ಗಾಡಿಗಳೆಲ್ಲ ನಿಂತುಬಿಟ್ಟವು, ನಾನು ಪೊರಕೆ ಎತ್ತಿಕೊಂಡರೆ, ಲೇ ಶಿವಬಸು, ಓಡಿಸ್ಬೇಡ್ವೋ, ಅದಾಗೇ ಏಳ್ಲಿ, ರೈಲಿಗೆ ಕಾಯೋದೇ ಮಜಾ ಕಣೋ ಅಂದ, ಊಟದ ಹೊತ್ತಿನವರೆಗೂ ಕಾದೆವು, ಇದು ನಿಜ, ಆ ಹಲ್ಲಿ ಟಿಕೆಟ್ ಕೇಳಿತು ಅಂತ ಅವನು ಹೋದಮೇಲಿನ ಶಿವಗಣಾರಾಧನೆ ದಿನ ಊಟದ ಪಂಕ್ತಿಯಲ್ಲಿ ಹೇಳಿದ್ದು ಮಾತ್ರ ನನ್ನ ಸೇರ್ಪಡೆ. ಯಾಕೆ ಹೇಳಿದೆನೋ, ಎಲ್ಲರೂ ಸಪ್ಪಗೆ ಉಣ್ಣುತ್ತಿದ್ದರು, ಅವನ ಎಂಜಿನ್ನು ಒಮ್ಮೆ ಗ್ಯಾಸ್ ಸಿಲಿಂಡರ್ ಎಳೆದು ತಂದಿತ್ತು ಅಂತಲೂ ಸೇರಿಸಿದೆ, ಪಂಕ್ತಿ ನಕ್ಕಿತು, ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಬಸವರಾಜೇಶ್ವರಿ ಅತ್ತಿಗೆ ನಗಲಿಲ್ಲ, ಕೇಳಿಸಿಕೊಂಡು ಒಳಗೆ ಹೋದರು, ಅವತ್ತೇ ನನ್ನ ನಾಲಿಗೆಯನ್ನು ಅಳೆದು ಪಕ್ಕಕ್ಕಿಟ್ಟರು ಅಂತ ಕಾಣುತ್ತದೆ.

ಅದೇ ಅತ್ತಿಗೆ ಬೆಳಗ್ಗೆ ಫೋನ್ ಮಾಡಿ, ಶಿವಬಸಪ್ಪನೋರೇ, ಗಾರೆಯವನು ಬರ್ತಿದಾನೆ, ಗೋಡೆ ತೂತು ಮುಚ್ಚಿಸ್ತಿದೀನಿ, ನಿಮ್ಮ ಸಾಮಾನು ತಗೊಂಡ್ಹೋಗಿ ಅಂದರು. ಸಾಮಾನಂತೆ. ಕೆಂಗೇರಿ ಸಾಮಾನೇ? ಎಲ್ಲಿಗೆ ಒಯ್ಯಲಿ, ವಿಜಯನಗರದ ನನ್ನ ಮನೆಯಲ್ಲಿ ಹಾಸಿಗೆ ಹಾಸಿದರೆ ಬಾಗಿಲು ತೆರೆಯುವುದಿಲ್ಲ, ಈ ಹಲಗೆಯನ್ನು ಕೊಯ್ಯದೆ ಆಚೆ ತೆಗೆಯುವಂತೆಯೂ ಇಲ್ಲ, ಕೊಯ್ದರೆ ಬಿಡದಿ ಎರಡು ಹೋಳು. ತೂತು ಅಂದರೆ ಅವನ ಸುರಂಗ, ಬಿಡದಿ ದಾಟಿದ ಹಳಿ ಗೋಡೆಯೊಳಗೆ ನುಗ್ಗಿ ಆಚೆ ಅಡುಗೆಮನೆ ಕಟ್ಟೆಯ ಮೇಲೆ ಏಳುತ್ತದೆ, ಮಿಕ್ಸಿ ಪಕ್ಕ ನಿಲ್ದಾಣ, ಹಳದಿ ಬೋರ್ಡು, ಮೂರು ಭಾಷೆಯಲ್ಲಿ ಅಡುಗೆಮನೆ ಜಂಕ್ಷನ್, ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತಲೂ ಬರೆದಿದ್ದ. ಅತ್ತಿಗೆ ದಾವಣಗೆರೆಗೆ ತವರಿಗೆ ಹೋಗಿದ್ದಾಗ ಕೊರೆದದ್ದು, ಡ್ರಿಲ್ಲಿಂಗ್ ಮೆಷಿನ್ ಹಿಡಿದಿದ್ದವನು ನಾನು, ಅತ್ತಿಗೆ ಬಂದು ನೋಡಿ ಅಡುಗೆಮನೆಗೆ ಹೋದರು, ಮೊದಲ ಗಾಡಿ ಬಿಟ್ಟೆವು, ಮೇಲೆ ಮುಚ್ಚಳವಿಲ್ಲದ ಗೂಡ್ಸ್ ಡಬ್ಬಿ ಖಾಲಿ ಹೋಯಿತು, ವಾಪಸ್ ಬಂದಾಗ ಅದರಲ್ಲಿ ಒಂದು ಒಣಮೆಣಸಿನಕಾಯಿ, ತೊಟ್ಟು ಸಮೇತ, ಕೆಂಪಗೆ. ಅಲ್ಲಿಂದ ಅದೇ ವಾಡಿಕೆಯಾಯಿತು, ಮನಸ್ಸು ಸರಿಯಿದ್ದ ದಿನ ಡಬ್ಬಿಯಲ್ಲಿ ಕೋಡುಬಳೆ ಚೂರು, ಸಿಟ್ಟಿದ್ದ ದಿನ ಮೆಣಸಿನಕಾಯಿ, ಸಣ್ಣ ಸಿಟ್ಟಿಗೆ ಬ್ಯಾಡಗಿ, ದೊಡ್ಡದಕ್ಕೆ ಗುಂಟೂರು. ಪಾತ್ರೆ ಉಜ್ಜುವ ಹೊಸ ಸ್ಕ್ರಬ್ಬರ್ ಕತ್ತರಿಸಿ ಬಿಡದಿಗೆ ಕಾಡು ಬೆಳೆಸಿದ ದಿನ ಗುಂಟೂರು, ತಂಗಿಯ ಮನೆ ನಾಮಕರಣಕ್ಕೆ ಸೀರೆ ಉಟ್ಟು ನಿಂತಿದ್ದಾಗ ಇವನು ಎಂಜಿನ್ ಬಿಚ್ಚಿಕೊಂಡು ಕೂತ ದಿನ ಎರಡು ಗುಂಟೂರು. ಮತ್ತೆ ಇವನು — ಇದನ್ನು ಪಂಕ್ತಿಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ, ನಿಜವಾದದ್ದನ್ನು ಹೇಳುವ ಅಭ್ಯಾಸ ತಪ್ಪಿಹೋಗಿತ್ತು — ಬಂದ ಸರಕು ವಾಪಸ್ ಕಳಿಸೋ ಹಂಗಿಲ್ಲ ಕಣೋ, ರೈಲ್ವೆ ರೂಲು, ಅಂದು ತೊಟ್ಟು ಕಿತ್ತು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ, ಬೀಜ ಸಮೇತ, ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು, ನೀರು ಕುಡಿಯುತ್ತಿರಲಿಲ್ಲ, ನೀರು ಅಡುಗೆಮನೆಯಲ್ಲಿ, ಅತ್ತಿಗೆಯ ಕಣ್ಣೆದುರು. ನಾನೂ ಒಮ್ಮೆ ಬರೀ ಬ್ಯಾಡಗಿಯ ತುದಿ ಕಚ್ಚಿ ನೋಡಿ ಎರಡು ದಿನ ಮಜ್ಜಿಗೆ ಕುಡಿದು ಬದುಕಿದೆ, ಅವನು ಗುಂಟೂರು ನುಂಗಿ ಸಿಗ್ನಲ್ ಕೊಡುತ್ತಿದ್ದ. ಅತ್ತಿಗೆಗೆ ಹೇಳೋದಲ್ವೇನೋ ಅಂದರೆ, ಹೇಳಿದ್ರೆ ನಾಳೆಯಿಂದ ಕಳಿಸಲ್ಲ ಕಣೋ, ಪಾಪ ಅಂತ ಒಳಗೇ ಇಟ್ಕೋತಾಳೆ, ಬೇಡ, ಬರ್ತಾ ಇರ್ಲಿ ಅಂದ, ಮೂಗು ಒರೆಸಿಕೊಂಡ. ಆಮೇಲೆ ಒಂದು ಮಂಗಳವಾರ ಅಂಗಡಿಯಲ್ಲಿ ಯಾರದೋ ಫ್ಯಾನಿಗೆ ತಂತಿ ಸುತ್ತುತ್ತಾ ಎದೆ ಹಿಡಿದುಕೊಂಡು ಹೋಗಿಬಿಟ್ಟ, ಫ್ಯಾನು ಹಾಗೇ ಇದೆಯಂತೆ, ಅರ್ಧ ಸುತ್ತಿದ್ದು.

ಹಲಗೆಯ ಕೆಳಗೆ ಬೆನ್ನು ಬಗ್ಗಿಸಿ ವೈರು ಬಿಚ್ಚುತ್ತಿದ್ದೆ, ಆಚೆ ಬಾಂಡ್ಲಿಯಲ್ಲಿ ಸಿಮೆಂಟು ಕಲಸುವ ಸದ್ದು ಶುರುವಾಗಿತ್ತು, ಅತ್ತಿಗೆ ಬಂದು ಕೆಂಗೇರಿ ಪಕ್ಕ ನಿಂತರು, ಒಂದ್ ಕೇಳ್ತೀನಿ, ನಿಜ ಹೇಳಿ, ನಿಮಗೆ ಬರೋದಾದ್ರೆ. ನಾನು ಕಳಿಸ್ತಿದ್ದ ಮೆಣಸಿನಕಾಯಿ ಏನ್ಮಾಡ್ತಿದ್ರು ಅವ್ರು? ಕಿಟಕಿಯಿಂದ ಬಿಸಾಕ್ತಿದ್ರಾ? ನಾನು ಸಿಟ್ಟು ಮಾಡ್ಕೊಂಡು ಕಳಿಸೋದು, ಡಬ್ಬಿ ಮತ್ತೆ ಖಾಲಿಯಾಗಿ ಕೂ ಅಂತ ಬರೋದು, ಇಷ್ಟು ವರ್ಷ ಗೋಡೆ ಜೊತೆ ಜಗಳ ಆಡಿದಂಗಾಯ್ತು ನಂಗೆ. ಹಲಗೆಗೆ ತಲೆ ಹೊಡೆದುಕೊಂಡು ಎದ್ದೆ, ತಿಂತಿದ್ದ ಅತ್ತಿಗೆ, ಎಲ್ಲಾನೂ ತಿಂತಿದ್ದ. ಹ್ಞೂಂ, ಹಲ್ಲಿ ಟಿಕೆಟ್ ಕೇಳ್ತು, ಅವ್ರು ಮೆಣಸಿನಕಾಯಿ ತಿಂದ್ರು. ಇಲ್ಲ ಅತ್ತಿಗೆ, ಹಲ್ಲಿದು ಬಿಡಿ, ಇದು ನಿಜ, ನೀರೂ ಕುಡೀತಿರ್ಲಿಲ್ಲ, ಯಾಕೆ ಗೊತ್ತಾ, ನಿಮಗೆ ಗೊತ್ತಾದ್ರೆ ನೀವು — ಹೊರಟೇಹೋದರು, ಬಾಯಿ ತೆರೆದುಕೊಂಡು ನಾನೊಬ್ಬನೇ, ಹೇಳುತ್ತಿದ್ದ ಮಾತಿನ ಬಾಲ ಹಲ್ಲಿಯ ಬಾಲದ ಹಾಗೆ ಇಲ್ಲೇ ಮಿಡುಕುತ್ತಾ, ಗ್ಯಾಸ್ ಸಿಲಿಂಡರ್ ನಂಬಿಸಿದ ಬಾಯಿಗೆ ಒಂದು ಮೆಣಸಿನಕಾಯಿ ನಂಬಿಸಲಿಕ್ಕೆ ಆಗಲಿಲ್ಲ. ಬಿಚ್ಚಿದ ವೈರು ಯಾಕೆ ಮತ್ತೆ ಸಿಕ್ಕಿಸಿದೆನೋ, ಎಂಜಿನ್ನಿನ ಹಿಂದೆ ಖಾಲಿ ಡಬ್ಬಿ ಕೊಂಡಿ ಹಾಕಿದೆ, ಗುಂಡಿ ತಿರುಗಿಸಿದೆ, ಕೆಂಗೇರಿ ಬಿಟ್ಟಿತು, ಹೆಜ್ಜಾಲ, ಹಲ್ಲಿ ಇಲ್ಲ, ಬಿಡದಿ, ಸ್ಕ್ರಬ್ಬರ್ ಕಾಡು, ಗೋಡೆಯೊಳಗೆ ಹೋಯಿತು, ಜಂಕ್ಷನ್ನಿನಲ್ಲಿ ನಿಂತ ಸದ್ದು. ಕಾದೆ. ಆಚೆಯಿಂದ ಗಾರೆಯವನು, ಅಕ್ಕಾರ, ತೂತು ಮುಚ್ಚಲೇನ್ರೀ, ಮಾಲು ಗಟ್ಟಿ ಆಗಾಕತ್ತೈತ್ರಿ. ಸ್ಟೀಲ್ ಡಬ್ಬದ ಮುಚ್ಚಳ ಬಿಚ್ಚಿದ ಸದ್ದು. ತಡಿಯಪ್ಪ ಮರೆಪ್ಪ, ರೈಲು ಹೊರಡ್ಬೇಕು, ಅತ್ತಿಗೆಯ ದನಿ. ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ, ಡಬ್ಬಿಯೇ ಮೊದಲು ಸುರಂಗದಿಂದ ಹೊರಬಂತು, ಅದರ ಹಿಂದೆ ಎಂಜಿನ್ನು, ಅದರ ಹಿಂದೆ, ಗೋಡೆಯ ಆ ಕಡೆ, ಬಗ್ಗಿ ನೋಡುತ್ತಿರುವ ಅತ್ತಿಗೆಯ ಒಂದು ಕಣ್ಣು, ರೆಪ್ಪೆ ಬಡಿಯುತ್ತಿಲ್ಲ, ತಿನ್ನುತ್ತಾನೋ ಇಲ್ಲವೋ ಅಂತ, ಮಜ್ಜಿಗೆ ಮನೆಯಲ್ಲಿದೆ, ಮನೆ ವಿಜಯನಗರದಲ್ಲಿದೆ, ಬಂದ ಸರಕು ವಾಪಸ್ ಕಳಿಸೋ ಹಂಗಿಲ್ಲ ಕಣೋ, ಡಬ್ಬಿಯಲ್ಲಿ ಗುಂಟೂರು, ತೊಟ್ಟು ಸಮೇತ, ಕೆಂಪಗೆ, ತೊಟ್ಟು ಸಮೇತ —