ಹೆಪ್ಪುಗಟ್ಟದ ಹಾಲು

ಶ್ರೀಪಾದ ಹಾಲಿನ ಲೋಟವನ್ನು ಮುಂದೆ ಹಿಡಿದಾಗ ಜಯಂತಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹೊರಗೆ ಸೂರತ್ತಿನ ಬೀದಿ ತಾಪಿಯ ಮಂಜಿನಲ್ಲಿ ಅರ್ಧ ಕರಗಿತ್ತು. ನಡುಮನೆಯಲ್ಲಿ ಮಲಗಿಸಿದ್ದ ಅವಳ ಗಂಡ ಪಟ್ಟಾಭಿರಾಮ, ಊರಿನ ಹಾಲು ತುಪ್ಪ ಪರೀಕ್ಷಿಸುತ್ತಿದ್ದ ಸರ್ಕಾರಿ ಇನ್‌ಸ್ಪೆಕ್ಟರು, ಯಾರನ್ನೋ ಕಾಯುತ್ತಾ ಹಾಗೇ ಜೋಂಪು ಹತ್ತಿದವರಂತೆ ಕಾಣುತ್ತಿದ್ದರು.

"ಅತ್ತಿಗೆ, ಎತ್ತೋ ಮುಂಚೆ ಅಣ್ಣನ ಬಾಯಿಗೆ ನಾಲ್ಕು ತೊಟ್ಟು ಹಾಲು ಬಿಡ್ಬೇಕು. ಎಲ್ಲಾ ಕಾಯ್ತಿದಾರೆ," ಎಂದ ಶ್ರೀಪಾದ. ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನವನು. ಈ ಊರಿನಲ್ಲಿ ಅವಳಿಗೆ ಮೈದುನ ಅಂತಿದ್ದರೆ ಅವನೊಬ್ಬನೇ.

"ನೀರು ಬಿಡ್ತೀನಪ್ಪ. ಹಾಲು ನನ್ನ ಕೈಲಿ ಆಗಲ್ಲ."

ಮಗು ಹೋದ ಮೇಲೆ ಅವಳು ಯಾರ ಬಾಯಿಗೂ ಹಾಲು ಕೊಟ್ಟವಳಲ್ಲ.

*

ಅರವತ್ತೆರಡರ ಬೇಸಿಗೆಯಲ್ಲಿ ಎಷ್ಟು ಹೆಪ್ಪು ಹಾಕಿದರೂ ಮೊಸರಾಗುತ್ತಿರಲಿಲ್ಲ.

"ಹಾಲು ಹಾಗೇ ಇದೆ ನೋಡಿ," ಎಂದರೆ ಪಟ್ಟಾಭಿರಾಮ ನಗುತ್ತಿದ್ದರು. "ನಿನ್ನ ಕೈಗುಣ ಕಣೇ. ಒಂದು ತೊಟ್ಟು ನೀರು ಬೆರೆಸಿಲ್ಲ, ನಾನೇ ಅಳೆದು ನೋಡಿದೀನಿ."

ನೀರೊಂದನ್ನೇ ಹುಡುಕುವ ಕಣ್ಣಿಗೆ ಬೇರೇನು ಕಂಡೀತು? ಸೆಕೆಗೆ ಒಡೆಯದಿರಲೆಂದು ಹಾಲಿನವನು ಹೆಪ್ಪನ್ನೂ ಕೊಲ್ಲುವಂಥ ಔಷಧಿ ಬೆರೆಸುತ್ತಿದ್ದ. ಜಯಂತಿಗೆ ಎದೆಹಾಲು ಬತ್ತಿತ್ತು. ಪುಟ್ಟ ಮೀರಾ ಕುಡಿಯುತ್ತಿದ್ದದ್ದೂ ಅದೇ ಹಾಲು. ಬೇಸಿಗೆ ಮುಗಿಯುವ ಮೊದಲೇ ಹೋದಳು. ಅದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಹಾಲಿನವನಿಗೆ ಶಿಕ್ಷೆಯಾದ ದಿನವೂ ಪಟ್ಟಾಭಿರಾಮರಿಗೆ ಊಟ ಸೇರಲಿಲ್ಲ.

ಆಮೇಲೆ ಬೀದಿಯ ಬಾಣಂತಿಯರಿಗೆಲ್ಲ ಹೇಳಿಟ್ಟರು, ಹಾಲಿನವನನ್ನು ಬದಲಾಯಿಸಿದರೆ ಒಂದು ಬಟ್ಟಲು ಹಾಲು ನನ್ನ ಕಿಟಕಿಯಲ್ಲಿಟ್ಟು ಹೋಗಿ ಎಂದು. ಹೆಪ್ಪು ಬಿಟ್ಟು ಕಾಯುವರು, ಬೆಳಗ್ಗೆ ಎದ್ದು ಒಂದೊಂದನ್ನೇ ಓರೆ ಮಾಡಿ ನೋಡುವರು. ಜಯಂತಿ ಅತ್ತ ಸುಳಿಯುತ್ತಿರಲಿಲ್ಲ. ಆದರೂ ಆ ಬಿಳಿ ಬಟ್ಟಲುಗಳು ಅವಳ ಕನಸಿಗೆ ಬರುತ್ತಿದ್ದವು, ತಾಪಿಯ ಮೇಲೆ ಸಾಲಾಗಿ ತೇಲಿಕೊಂಡು.

*

"ಯಾರ ಮನೆ ಹಾಲು ಇದು?" ಜಯಂತಿ ಕೇಳಿದಳು.

ಪಕ್ಕದ ಮನೆಯ ಕಾಂತಾಬೆನ್ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. "ನಮ್ಮದೇ, ಬೆನ್," ಎಂದಳು ಗುಜರಾತಿಯಲ್ಲಿ. "ನಿನ್ನೆ ಬೆಳಗ್ಗೆ ಭಾಯಿ ಬಟ್ಟಲು ನೋಡಿದರು. ಮೊಸರಾಗಿದೆ, ಧೈರ್ಯವಾಗಿ ಕೊಡಮ್ಮ ಅಂದರು."

ಮಗುವಿನ ತುಟಿಯಂಚಿನಲ್ಲಿ ಹಾಲು ಒಣಗಿತ್ತು. ಜಯಂತಿ ಅದನ್ನೇ ನೋಡುತ್ತಾ ಕುಳಿತಳು. ಆಮೇಲೆ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು.

"ಹಾಲು ಬಿಡೋಕೆ ಉದ್ಧರಣೆ ಇಲ್ಲೇ ಇದೆ ಅತ್ತಿಗೆ," ಎಂದ ಶ್ರೀಪಾದ.

ಅವಳು ತಂದದ್ದು ಮೀರಾಳಿಗೆ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆ. ತೊಳೆದು ಹಾಲು ತುಂಬಿದಳು. ಗಂಡನ ಗದ್ದದ ಕೆಳಗೆ ಸೆರಗು ಸಿಕ್ಕಿಸಿ, ಎಡಗೈಯಿಂದ ತಲೆಯನ್ನು ತುಸು ಎತ್ತಿ, ಒಳಲೆಯ ಮೂತಿಯನ್ನು ತುಟಿಗೆ ಹಿಡಿದಳು.