ಅಮಾವಾಸ್ಯೆಯ ಗೆರೆಗಳು

ಸುಮಂಗಲಾಳ ಬಲಗೈಯ ಮೇಲೆ, ಮಣಿಕಟ್ಟಿನಿಂದ ನಡುಬೆರಳಿನವರೆಗೆ, ಪೆನ್ನಿನ ಐದು ಗೆರೆಗಳಿದ್ದವು. ಒಂದೊಂದು ಅಮಾವಾಸ್ಯೆಗೆ ಒಂದೊಂದು.

ಕಾರಹುಣ್ಣಿಮೆಯ ಹೊತ್ತಿಗೆ ವಾಡಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದಾಗ ಗಾಜಿನ ಬಳೆಗಳು ಒಡೆದು ಮಣಿಕಟ್ಟಿನ ನರ ಕತ್ತರಿಸಿಹೋಗಿತ್ತು. ಡಾಕ್ಟರು ಹೊಲಿಗೆ ಹಾಕಿ ಹೇಳಿದ್ದರು: “ಹೊಲಿಗಿ ಹಾಕಿದ ಮಾತ್ರಕ್ಕ ಸ್ಪರ್ಶ ಬರಂಗಿಲ್ಲವ್ವಾ. ಕಡದ ಜಾಗದಿಂದ ನರ ಹೊಸದಾಗಿ ಬೆಳೀಬೇಕು, ದಿನಕ್ಕ ಅರ್ಧ ಎಳ್ಳಿನಷ್ಟು. ಬೆರಳಿಲೆ ಬಡದು ನೋಡು. ಎಲ್ಲಿ ಜುಮ್ ಅಂತದ, ಅಲ್ಲಿತನಕ ಬಂದದ ಅಂತ ತಿಳಿ. ತುದಿ ಮುಟ್ಟೂತನಕ ಒಲಿ ಮುಂದ ಕುಂದ್ರಬ್ಯಾಡ, ಸುಟ್ಟರೂ ಗೊತ್ತಾಗಂಗಿಲ್ಲ.”

ಶಹಾಬಾದಿನಲ್ಲಿ ಕಲ್ಯಾಣಪ್ಪ ನಡೆಸುವ ರೊಟ್ಟಿ ಕೇಂದ್ರದಲ್ಲಿ ಅವಳದೂ ಅನಸುಬಾಯಿಯದೂ ಹನ್ನೊಂದು ವರ್ಷದಿಂದ ಅಕ್ಕಪಕ್ಕದ ಒಲೆ. “ಎಳ್ಳಮವಾಸಿ ರೊಟ್ಟಿ ಸುಗ್ಗಿಗಿ ಬಂದ್ಬಿಡು. ಅಲ್ಲಿತನಕ ನಿನ್ನ ಒಲಿ ಮುಂದ ಯಾರಿಗೂ ಕುಂದ್ರಗೊಡಂಗಿಲ್ಲ” ಎಂದಿದ್ದಳು ಅನಸುಬಾಯಿ. ಹೊಲಿಗೆ ಮಾಯ್ದ ಮೇಲೆ ಪ್ರತಿ ಅಮಾವಾಸ್ಯೆಗೂ ತಪ್ಪದೆ ಬಂದು, ಕೈಗೆ ಎಣ್ಣೆ ತಿಕ್ಕಿ, ಬಡಿದು ನೋಡಿ, ಮಾಸಿದ ಗೆರೆಗಳನ್ನು ತಿದ್ದಿ, ಜುಮ್ಮೆಂದ ಕಡೆ ತಾನೇ ಹೊಸ ಗೆರೆ ಎಳೆಯುತ್ತಿದ್ದಳು. “ಗೂಡ್ಸ್ ಗಾಡಿನೂ ಇದಕ್ಕಿಂತ ಜೋರ್ ಹೋಗ್ತದಲೇ!” ಎಂದು ನಗಿಸುತ್ತಿದ್ದಳು.

ಎಳ್ಳಮವಾಸ್ಯೆಗೆ ವಾರವಿದ್ದಾಗ, ಸದ್ಯ ಜರಡಿ ಹಿಡಿದು ಹಿಟ್ಟಾದರೂ ಸಾಣಿಸೋಣವೆಂದು ಸುಮಂಗಲಾ ಕೇಂದ್ರಕ್ಕೆ ಹೋದಳು. ಅವಳ ಒಲೆಯ ಮುಂದೆ ಅನಸುಬಾಯಿಯ ಸೊಸೆ ಕೂತಿದ್ದಳು.

“ಅಯ್ಯ ತಂಗಿ, ನೀ ಯಾಕ ಬಂದಿ?” ಎಂದ ಕಲ್ಯಾಣಪ್ಪ. “ನಿನ್ನ ಕೈ ಕಟ್ಟಿಗಿ ಆಗ್ಯದ, ಇನ್ನ ಬರಂಗಿಲ್ಲ ಅಂತ ಅನಸುಬಾಯಿ ಪಂಚಮಿಗೇ ಹೇಳ್ಯಾಳಲ್ಲ?”

ನಾಗರಪಂಚಮಿಗೆ ಕೈ ಮೇಲೆ ಒಂದೇ ಗೆರೆಯಿತ್ತು. ಉಳಿದ ನಾಲ್ಕನ್ನು ಆಮೇಲೆ ಎಳೆದವಳೂ ಅನಸುಬಾಯಿಯೇ.

“ಸೊಸಿ ಮನ್ಯಾಗ ಖಾಲಿ ಕುಂತಿದ್ಳಲೇ ಯವ್ವಾ…” ಅನಸುಬಾಯಿ ತಲೆಯೆತ್ತದೆ ರೊಟ್ಟಿ ಬಡಿಯುತ್ತಲೇ ಇದ್ದಳು.

“ಮತ್ತ ಎಣ್ಣಿ ಯಾಕ ತಿಕ್ಕಿದಿ ಅಕ್ಕಾ? ಕಟ್ಟಿಗಿಗಿ ಯಾರರ ಎಣ್ಣಿ ಹಚ್ಚತಾರೇನು?”

ರೊಟ್ಟಿ ಬಡಿಯುವ ಸದ್ದು ನಿಂತಿತು.

ಎಳ್ಳಮವಾಸ್ಯೆಯ ದಿನ ಸುಮಂಗಲಾ ಮನೆಯಲ್ಲೇ ಸಜ್ಜೆ ಹಿಟ್ಟಿಗೆ ಕುದಿಯುವ ಎಸರು ಹೊಯ್ದಳು. ಡಾಕ್ಟರ ಮಾತು ಮರೆತು ಹಳೆಯ ರೂಢಿಯಂತೆ ಬಿಸಿ ಹಿಟ್ಟಿಗೆ ಬಲಗೈ ಬೆರಳು ಇಟ್ಟಳು. ನಡುಬೆರಳಿನ ತುದಿ ಚುರ್ ಎಂದಿತು. ಆರು ತಿಂಗಳ ಮೇಲೆ, ಸುಟ್ಟದ್ದು ಗೊತ್ತಾಗಿತ್ತು!

“ಅನಸಕ್ಕಾ…” ಎನ್ನುತ್ತ ಹೊಸ್ತಿಲವರೆಗೆ ಓಡಿದಳು. ಅಲ್ಲೇ ನಿಂತಳು.

ಬಹಳ ಹೊತ್ತಿನ ಮೇಲೆ ಒಳಗೆ ಬಂದು ಗೂಡಿನಲ್ಲಿದ್ದ ಪೆನ್ನು ತೆಗೆದುಕೊಂಡಳು. ಎಡಗೈಯಲ್ಲಿ ಎಳೆದ ಆರನೆಯ ಗೆರೆ ಸೊಟ್ಟಗೆ ಬಂತು.