ಎರಡು ಎಡ ಸೈಲೆನ್ಸರ್

ಎರಡೂ ಎಡಗಡೆಯವೇ! ತಿರುಗಿಸಿ ನೋಡಿದೆ, ಪಕ್ಕಪಕ್ಕ ಇಟ್ಟು ನೋಡಿದೆ, ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದೆ. ತಮ್ಮನ ಗ್ರಿಲ್ ವೆಲ್ಡಿಂಗ್ ಅಂಗಡಿಯ ಬೆಂಚಿನ ಮೇಲೆ ಹೊಚ್ಚ ಹೊಸ ಸೈಲೆನ್ಸರುಗಳು ಜೋಡಿಯಾಗಿ ಮಲಗಿದ್ದವು, ಎರಡರ ಮೂತಿಯೂ ಒಂದೇ ಕಡೆ. ಕಾರಿಗೆ ಬೇಕಾದದ್ದು ಒಂದು ಎಡ, ಒಂದು ಬಲ. ಗೋಡೆ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು. ಎರಡು ಗಂಟೆಗೆ ಗುಡ್ಡದ ಬುಡದ ರೇಸಿನ ಗೇಟು ಮುಚ್ಚಿಬಿಡುತ್ತದೆ.

"ಲೋ, ಇದೇನೋ ಮಾಡಿಟ್ಟಿದ್ದೀಯ?" ಅಂದೆ.

ತಮ್ಮ ಕಾರಿನ ಕೆಳಗಿನಿಂದ ತೆವಳಿಕೊಂಡು ಆಚೆ ಬಂದ. ಬೆಂಚು ನೋಡಿದ. ಮುಖ ಬಿಳಿಚಿಕೊಂಡಿತು. "ನಾನಲ್ಲಕ್ಕ, ಗೆರೆ ಹಾಕಿದ್ದು ನೀನು" ಅಂದ.

ನನಗೆ ಕೋಪ ಮೂಗಿನ ತುದಿಯಲ್ಲೇ ಅಂತ ಇಡೀ ಬೀದಿಗೆ ಗೊತ್ತು. ಆದರೆ ಈ ಮಾತು ಕೇಳಿದರೆ ಯಾವ ದರ್ಜಿಗಾದರೂ ನೆತ್ತಿಗೇರುತ್ತದೆ. ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಒಂದೇ ರವಿಕೆಗೆ ಎರಡು ಎಡತೋಳು ಕತ್ತರಿಸೋದು ಕೆಲಸ ಕಲಿಯೋಕೆ ಬಂದವರು ಮೊದಲ ವಾರ ಮಾಡೋ ತಪ್ಪು. ನನ್ನ ಮೇಲೆ ಅದನ್ನು ಹೊರಿಸುತ್ತಾನಲ್ಲ!

ಕಾರು ಅಮ್ಮನದು. ಎರಡೇ ಸೀಟಿನ, ನೆಲಕ್ಕೆ ತಗ್ಗಿ ಕೂತ, ಅರವತ್ತು ವರ್ಷದ ಕೆಂಪು ಕಾರು. ಅಮ್ಮನಿಗೆ ಎಪ್ಪತ್ತನಾಲ್ಕು. ನಾವು ಚಿಕ್ಕವರಿದ್ದಾಗ ಅದರಲ್ಲಿ ಗುಡ್ಡ ಹತ್ತುವ ರೇಸಿಗೆ ಹೋಗುತ್ತಿದ್ದಳು. ಮನೆಯ ಸೋಫಾ ಹರಿದು ಸ್ಪ್ರಿಂಗು ಆಚೆ ಬಂದಿದ್ದರೂ ಕಾರಿಗೆ ಮಾತ್ರ ಹೊಸ ಟೈರು. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಗೊಣಗುತ್ತಲೇ ಅಪ್ಪ ಅದನ್ನು ತೊಳೆದು ಒರೆಸುತ್ತಿದ್ದರು. ಆಮೇಲೆ ರೇಸು ನಿಂತುಹೋಯಿತು, ಅಪ್ಪನೂ ಹೋದರು. ಈಗ ಇಷ್ಟು ವರ್ಷದ ಮೇಲೆ, ಹಳೇ ಕಾರುಗಳಿಗೆ ಅಂತಲೇ ಅದೇ ಗುಡ್ಡದಲ್ಲಿ ಮತ್ತೆ ರೇಸು. ಬರೋ ತಿಂಗಳಿಗೆ ಅಮ್ಮನ ಲೈಸೆನ್ಸ್ ಮುಗಿಯುತ್ತದೆ. "ಈಗೇನೋ ಪರವಾಗಿಲ್ಲ, ಮುಂದಿನ ಸಲ ನಾನು ಸಹಿ ಹಾಕಲ್ಲ" ಅಂತ ಕಣ್ಣಿನ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅಂದರೆ ಇವತ್ತು ತಪ್ಪಿತೋ, ಅಮ್ಮನಿಗೆ ಆ ಗುಡ್ಡ ಇನ್ನಿಲ್ಲ.

ಹೋದ ತಿಂಗಳು ತಪಾಸಣೆಗೆ ಹೋದಾಗ ಶಬ್ದ ಅಳೆಯೋ ಮೀಟರು ನೂರ ಎಂಟು ತೋರಿಸಿತ್ತು. ತೊಂಬತ್ತೈದು ದಾಟಿದರೆ ಒಳಗೆ ಬಿಡೋದಿಲ್ಲ. ಹಳೇ ಸೈಲೆನ್ಸರು ತುಕ್ಕು ಹಿಡಿದು ಜರಡಿಯಾಗಿದ್ದವು. "ಮೊದಲು ಇದರ ಬಾಯಿ ಮುಚ್ಚಿಸಿಕೊಂಡು ಬನ್ನಿ ಅಮ್ಮಾವ್ರೇ" ಅಂದಿದ್ದ ಮೀಟರಿನವನು. ಹೊಸದು ಕೊಳ್ಳೋಣ ಅಂದರೆ ಕಾರು ಮಾಡಿದ ಕಂಪನಿಯೇ ಮುಚ್ಚಿ ಯಾವ ಕಾಲವಾಯಿತೋ. "ನಾವೇ ಮಾಡೋಣ ಬಿಡಮ್ಮ" ಅಂದ ತಮ್ಮ. ನಾನು ಕಂದು ಕಾಗದದಲ್ಲಿ ಅಳತೆ ಕತ್ತರಿಸಿದೆ, ಅವನು ತಗಡು ಕತ್ತರಿಸಿದ. ಒಳಗೊಂದು ತೂತುತೂತಿನ ಕೊಳವೆ, ಅದಕ್ಕೆ ಸ್ಟೀಲ್ ನಾರು ಸುತ್ತಿ, ಅದರ ಮೇಲೆ ಶಬ್ದ ಹೀರೋ ಗಾಜಿನ ಉಣ್ಣೆ ತುಂಬೋದು. ತುಂಬಿದ್ದು ಅಮ್ಮ. ಕೈಗೆ ಗವಸು ಹಾಕಿಕೊಂಡಿದ್ದರೂ ಮೊಣಕೈವರೆಗೆ ಕೆರೆದುಕೊಳ್ಳುತ್ತಾ, "ಇನ್ನೂ ಹಿಡಿಯುತ್ತೆ, ಇನ್ನೂ ಹಿಡಿಯುತ್ತೆ" ಅಂತ ದಿಂಬಿಗೆ ಹತ್ತಿ ತುರುಕಿದ ಹಾಗೆ ತುರುಕಿದ್ದಳು.

ತಪ್ಪಾಗಿದ್ದು ಎಲ್ಲಿ ಗೊತ್ತೇ? ನಾವು ದರ್ಜಿಗಳು ಸೀಮೆಸುಣ್ಣದ ಗೆರೆಯನ್ನು ಬಟ್ಟೆಯ ಒಳಮೈಗೆ ಹಾಕುತ್ತೇವೆ, ಹೊಲಿದ ಮೇಲೆ ಕಾಣಬಾರದು ನೋಡಿ. ವೆಲ್ಡಿಂಗಿನವರಿಗೆ ಗೆರೆ ಹೊರಗೇ ಇರಬೇಕು, ಕಣ್ಣೆದುರು ಕಾಣದಿದ್ದರೆ ಬೆಸುಗೆ ಹಾಕೋದು ಹೇಗೆ? ಮೊದಲನೇ ತಗಡು ಬಗ್ಗಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, "ಗೆರೆ ಒಳಗೆ ಕಣೋ" ಅಂದೆ, ಹಾಗೇ ಮಾಡಿದ. ಎರಡನೇದರ ಹೊತ್ತಿಗೆ ಗಿರಾಕಿ ಬಂದರು ಅಂತ ನಾನು ನನ್ನ ಅಂಗಡಿಗೆ ಓಡಿದೆ. ಇವನು ತನ್ನ ಅಭ್ಯಾಸದಂತೆ ಗೆರೆ ಹೊರಗಿಟ್ಟು ಬಗ್ಗಿಸಿದ. ಬಲಕ್ಕೆ ಅಂತ ಕತ್ತರಿಸಿದ್ದು ಎಡವಾಗಿ ಕೂತಿತು.

"ಒಳಗೆ ಅಂತ ಒಂದು ಸಲ ಹೇಳಿದ ಮೇಲೆ ಎರಡಕ್ಕೂ ಒಳಗೇ ಅಲ್ವೇನೋ!"

"ತಗಡಿಗೆ ಒಳಮೈ ಹೊರಮೈ ಎಲ್ಲಿಂದ ಬರುತ್ತಕ್ಕ? ಅದೇನು ರವಿಕೆನಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ನಿಮ್ಮ ಜಗಳ ನಾಳೆಗೆ ಇಟ್ಟುಕೊಳ್ಳಿ" ಅಂದಳು ಅಮ್ಮ. ಬಾಗಿಲಲ್ಲಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಬೆಂಚಿನ ಮೇಲಿದ್ದದ್ದು ಅವಳಿಗೂ ಅರ್ಥವಾಗಿತ್ತು. ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತಳು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಎರಡನೇ ಸೈಲೆನ್ಸರನ್ನು ಎತ್ತಿ ಕೈಯಲ್ಲಿ ಹಿಡಿದೆ. ಭಾರವಾಗಿತ್ತು, ಜಾರಿತು, ಮೊಣಕಾಲಿಗೆ ಬಡಿದು ಬೆನ್ನು ಕೆಳಗಾಗಿ ನೆಲಕ್ಕೆ ಬಿತ್ತು. ಅಯ್ಯೋ ಅಂತ ಕಿರುಚಬೇಕಿದ್ದವಳು ಹಾಗೇ ನಿಂತುಬಿಟ್ಟೆ. ಮೂತಿ ಈಗ ಬಲಗಡೆಗೆ ಬಂದಿತ್ತು!

"ಲೋ! ತಲೆಕೆಳಗು ಮಾಡೋ ಇದನ್ನ! ಹೊಟ್ಟೆ ಮೇಲೆ, ಬೆನ್ನು ಕೆಳಗೆ!"

ತಮ್ಮ ಅದನ್ನು ಎತ್ತಿ ತಿರುಗಿಸಿ ನೋಡಿದ. "ಹೊಗೆ ಬಿಡೋ ಬಾಲ ಆಕಾಶ ನೋಡುತ್ತಲ್ಲಕ್ಕ."

"ಬಾಲ ಕತ್ತರಿಸಿ ಕೆಳಕ್ಕೆ ತಿರುಗಿಸಿ ಅಂಟಿಸು. ನೇತುಹಾಕೋ ಕಿವಿ ಬಿಚ್ಚಿ ಈ ಕಡೆಗೆ ಹಾಕು. ನೀರು ಹೋಗೋ ತೂತು ಮುಚ್ಚಿ ಇಲ್ಲೊಂದು ಕೊರೆ. ತೋಳನ್ನೇ ಬಿಚ್ಚಿ ಮತ್ತೆ ಹೊಲಿದಿದ್ದೀನಿ ನಾನು, ಇದ್ಯಾವ ಮಹಾ!"

ಆಮೇಲೆ ಅಂಗಡಿಯಲ್ಲಿ ಬರೀ ಕೆಲಸ. ಕಟ್ಟಿಂಗ್ ಮಷಿನ್ನು ಕಿರುಚಿತು, ಕಿಡಿ ಬಾಗಿಲವರೆಗೆ ಹಾರಿತು. ಅಮ್ಮ ಕೊಳವೆ ಅಲ್ಲಾಡದ ಹಾಗೆ ಇಕ್ಕಳದಲ್ಲಿ ಹಿಡಿದಳು. ನಾನು ಕಾರಿನ ಕೆಳಗೆ ಮಲಗಿ, ಮುಖದ ಮೇಲೆ ತುಕ್ಕು ಉದುರಿಸಿಕೊಳ್ಳುತ್ತಾ ನಟ್ಟು ಬಿಗಿದೆ. ಐವತ್ತೊಂದು ವಯಸ್ಸಿಗೆ ಇದೆಲ್ಲ ಬೇಕಿತ್ತೇ? ಬೇಕಿತ್ತು ಕಣ್ರೀ! ಅಷ್ಟು ಖುಷಿಯಾಗಿ ನಾನು ಕೈ ಮಸಿ ಮಾಡಿಕೊಂಡದ್ದೇ ಇಲ್ಲ. ಒಂದು ಗಂಟೆ ಹತ್ತು ನಿಮಿಷಕ್ಕೆ ಅಮ್ಮ ಕೀಲಿ ತಿರುಗಿಸಿದಳು. ಮುಂಚೆ ಕಿಟಕಿ ಗಾಜು ಅದುರಿಸುತ್ತಿದ್ದ ಕಾರು ಗುರ್ ಅಂತ ಸಣ್ಣಗೆ ಗೊಣಗಿತು. ತಮ್ಮ ಕುಣಿದೇಬಿಟ್ಟ.

ಅಮ್ಮ ಕಾರಿನಲ್ಲಿ, ನಾವಿಬ್ಬರು ಹಿಂದೆಯೇ ತಮ್ಮನ ಬೈಕಿನಲ್ಲಿ ಗೇಟು ಮುಟ್ಟಿದಾಗ ಎರಡಕ್ಕೆ ಎಂಟೇ ನಿಮಿಷ ಬಾಕಿ. ಮೀಟರಿನವನು ಕಾರಿನ ಹಿಂದೆ ಮೀಟರಿನ ಕಡ್ಡಿ ನೆಟ್ಟು, "ಆಕ್ಸಿಲರೇಟರ್ ಒತ್ತಿ" ಅಂದ. ತೊಂಬತ್ತೇಳು! "ಒಂದು ನಿಮಿಷ ಸ್ವಾಮಿ!" ಅಂತ ತಮ್ಮ ನೆಲಕ್ಕೆ ಬಿದ್ದ. ಬಲಗಡೆಯ ಜಾಯಿಂಟಿನಲ್ಲಿ ಟುಸ್ ಟುಸ್ ಅಂತ ಹೊಗೆ ಸೋರುತ್ತಿತ್ತು. ಬಿಸಿ ಕ್ಲಾಂಪಿಗೆ ಸ್ಪ್ಯಾನರ್ ಹಾಕಿ, ಕೈ ಸುಟ್ಟುಕೊಂಡು, ಅದನ್ನು ಬೈದುಕೊಂಡು ಬಿಗಿದ. ಮತ್ತೆ ಒತ್ತಿದಳು ಅಮ್ಮ. ತೊಂಬತ್ತನಾಲ್ಕು. ಮೀಟರಿನವನು ಬಗ್ಗಿ ಸೈಲೆನ್ಸರು ನೋಡಿ, "ಒಂದು ಯಾಕೆ ಉಲ್ಟಾ ಇದೆ?" ಅಂದ. "ಅದು ಅದರ ಇಷ್ಟ, ನಿಮಗೆ ನಂಬರ್ ತಾನೇ ಬೇಕಿರೋದು?" ಅಂದೆ. ನಕ್ಕು ಚೀಟಿ ಅಂಟಿಸಿದ.

ಬಾವುಟ ಕೆಳಗಿಳಿಯಿತು, ಅಮ್ಮ ಹೊರಟಳು. ಮೊದಲ ತಿರುವು ದಾಟಿದಳು, ಎರಡನೇದು ದಾಟಿದಳು. ಆಮೇಲೆ ಏನೂ ಇಲ್ಲ.

ಏನೂ ಅಂದರೆ ಏನೂ ಕೇಳಿಸುತ್ತಿಲ್ಲ. ನಾನು ತಮ್ಮನ ಕೈ ಹಿಡಿದೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಇದೇ ಬುಡದಲ್ಲಿ ನಿಂತು ಕಿವಿಯಲ್ಲೇ ಅಮ್ಮನ ಹಿಂದೆ ಗುಡ್ಡ ಹತ್ತುತ್ತಿದ್ದೆವು. ಆ ಆರ್ಭಟ ಕೇಳುತ್ತಿರುವವರೆಗೂ ಅಮ್ಮ ರಸ್ತೆ ಮೇಲಿದ್ದಾಳೆ, ಪ್ರಪಾತಕ್ಕೆ ಬಿದ್ದಿಲ್ಲ. ಗೇರು ಬದಲಾಯಿಸುವಾಗ ಅರೆಕ್ಷಣ ಸದ್ದು ನಿಂತರೆ ನಾನು ಉಸಿರು ಹಿಡಿಯುತ್ತಿದ್ದೆ. ಈಗ ಆ ಸದ್ದಿಗೆ ನಾವೇ ಬಾಯಿ ಕಟ್ಟಿ ಕಳಿಸಿದ್ದೆವು. ಒಂದು ನಿಮಿಷ. ಒಂದೂವರೆ. ತಮ್ಮ ಸುಟ್ಟ ಕೈಯಲ್ಲೇ ನನ್ನ ಕೈ ಹಿಸುಕುತ್ತಿದ್ದ. ಎಂಥ ಕೆಲಸ ಮಾಡಿದೆವಪ್ಪಾ ಅನ್ನಿಸಿತು.

"ಕೆಂಪು ಕಾರು, ಮೇಲೆ ಮುಟ್ಟಿದೆ" ಅಂತು ಧ್ವನಿವರ್ಧಕ. ಸಮಯವನ್ನೂ ಹೇಳಿತು. ನಾನು ಕೇಳಿಸಿಕೊಳ್ಳಲಿಲ್ಲ, ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಗಳಗಳ ಅತ್ತುಬಿಟ್ಟೆ.

ಅಮ್ಮ ಕೆಳಗಿಳಿದು ಬಂದವಳು ನಮ್ಮ ಮುಂದೆಯೇ ಕಾರು ನಿಲ್ಲಿಸಿದಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಟೈರು ಮಾತಾಡೋದು ಕೇಳಿಸ್ತು ಕಣ್ರೋ! ಇಷ್ಟು ವರ್ಷ ಈ ಗಲಾಟೆಯಲ್ಲಿ ಕೇಳಿಸಿರಲೇ ಇಲ್ಲ. ಎಲ್ಲಿ ಜಾರುತ್ತೆ, ಎಲ್ಲಿ ಹಿಡಿಯುತ್ತೆ, ಎಲ್ಲ ಹೇಳುತ್ತೆ ಅದು!" ಅಂದಳು. ಆಮೇಲೆ ನನ್ನ ಮುಖ ನೋಡಿದಳು.

"ಇನ್ನೊಂದು ಸುತ್ತು ಇದೆ. ಪಕ್ಕದಲ್ಲಿ ಒಬ್ಬರು ಕೂರಬಹುದಂತೆ" ಅಂದಳು.

"ತಮ್ಮ ಕೂರಲಿ ಬಿಡು. ನನಗೆ ಭಯ."

"ಗೊತ್ತು ಕಣೆ" ಅಂದಳು ಅಮ್ಮ. "ಆರು ವರ್ಷದವಳಿದ್ದಾಗಿಂದ ಕೆಳಗೆ ನಿಂತು ಕಿವಿ ಕೊಟ್ಟಿದ್ದೀಯ. ನಾನು ಪ್ರತಿ ಸಲ ಇಳಿದು ಬಂದಾಗಲೂ ನಿನ್ನ ಮುಖ ಹೀಗೇ ಇರುತ್ತಿತ್ತು. ನೋಡಿಯೂ ನೋಡದವಳ ಹಾಗೆ ಇದ್ದೆ. ಸಾಕು, ಹತ್ತು."

ತಮ್ಮ ಆ ಕಡೆಯ ಬಾಗಿಲು ತೆಗೆದು ಹಿಡಿದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಹತ್ತಿ ಅಮ್ಮನ ಪಕ್ಕ ಕೂತೆ.